ಜಾಕೆಟ್ಟಿನ ಒಳಮಗ್ಗುಲು

ಆರು ವರ್ಷ ನಾನು ಒಂದು ವಿದೇಶಿ ಬಟ್ಟೆ ಕಂಪನಿಗೆ ದುಡಿದೆ. ಅದರ ಅಂಗಡಿಗಳು ಎಷ್ಟೋ ದೇಶಗಳಲ್ಲಿದ್ದವು. ಒಂದನ್ನೂ ನಾನು ಕಣ್ಣಾರೆ ಕಂಡವಳಲ್ಲ. ನನ್ನ ಪಾಲಿಗೆ ಕಂಪನಿಯೆಂದರೆ ಹೊಸಪೇಟೆಯ ನಮ್ಮ ಮನೆಯ ಮಹಡಿ ಕೋಣೆ, ಒಂದು ಲ್ಯಾಪ್‌ಟಾಪು ಮತ್ತು ಸಂಡೂರಿನ ಹತ್ತಿರದ ಒಂದು ತಾಂಡಾ. ಬೆಂಗಳೂರಿನ ಕಾರ್ಖಾನೆಯಲ್ಲಿ ಕತ್ತರಿಸಿದ ಜಾಕೆಟ್ಟಿನ ತುಂಡುಗಳು ಮೂಟೆಗಳಲ್ಲಿ ಹೊಸಪೇಟೆಗೆ ಬರುತ್ತಿದ್ದವು. ಅವನ್ನು ತಾಂಡಾಕ್ಕೆ ಮುಟ್ಟಿಸುವುದು, ಅಲ್ಲಿನ ಲಂಬಾಣಿ ಹೆಂಗಸರು ಕನ್ನಡಿ ಕೂರಿಸಿ ಕಸೂತಿ ಹಾಕಿದ ಮೇಲೆ ಒಂದೊಂದನ್ನೂ ನೋಡಿ ವಾಪಸು ಕಳಿಸುವುದು ನನ್ನ ಕೆಲಸ.

ಆ ಹೆಂಗಸರಿಗೆಲ್ಲ ಹಿರಿಯಳೊಬ್ಬಳಿದ್ದಳು. ಅರವತ್ತು ದಾಟಿದವಳು. ಎಲ್ಲರೂ ಆಕೆಯನ್ನು ಯಾಡಿ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಹಾಗೆಂದರೆ ತಾಯಿ. ನನ್ನ ತಾಯಿ ತೀರಿಕೊಂಡ ವರ್ಷವೇ ನಾನು ಈ ಕೆಲಸಕ್ಕೆ ಸೇರಿದ್ದು. ಹಾಗಾಗಿ ಆ ಮಾತು ನನ್ನ ಬಾಯಿಗೆ ಬೇಗ ಒಗ್ಗಿತು. ಆಕೆಯೂ ನನ್ನನ್ನು ಒಂದು ದಿನವೂ ಮೇಡಂ ಎಂದವಳಲ್ಲ. ‘ಬಾರವ್ವ ಮಗಳ, ಉಂಡು ಹೋಗು’ ಎಂದು ಕೈ ಹಿಡಿದು ಕೂರಿಸುತ್ತಿದ್ದಳು.

ನಾವು ಕಳಿಸಿದ ಮೊದಲ ಮೂಟೆ ಅರ್ಧದಷ್ಟು ವಾಪಸು ಬಂತು. ಬಿಳಿ ಬಟ್ಟೆಯ ಮೇಲೆ ಕೆಂಪು ಕಲೆ. ಅದಿರಿನ ಲಾರಿಗಳು ಎಬ್ಬಿಸುವ ಧೂಳು ಅದು.

‘ನಿಮ್ ಕಂಪ್ನಿಯವ್ರಿಗೆ ಹೇಳು, ನಾವ್ ಉಣ್ಣೋ ರೊಟ್ಟ್ಯಾಗೂ ಈ ಧೂಳೈತಿ ಅಂತ’ ಎಂದು ಯಾಡಿ ನಕ್ಕಳು. ಮರುದಿನ ಹೋದಾಗ ಕಿಟಕಿ ಬಾಗಿಲಿಗೆಲ್ಲ ಒದ್ದೆ ಸೀರೆ ಇಳಿಬಿಟ್ಟಿದ್ದಳು. ಒಬ್ಬೊಬ್ಬರೂ ಮೊಣಕೈವರೆಗೆ ತೊಳೆದುಕೊಂಡು, ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂತಿದ್ದರು. ಆಮೇಲೆ ಒಂದು ತುಂಡೂ ಹಿಂದಿರುಗಲಿಲ್ಲ.

ಎರಡನೆಯ ವರ್ಷ ಕಂಪನಿಯ ಪ್ರಚಾರ ವಿಭಾಗದವರು ಬಂದರು. ಈಗಿನ ಗಿರಾಕಿಗಳು ಬಟ್ಟೆಯ ಜೊತೆ ಅದರ ಹಿಂದಿನ ಕಥೆಯನ್ನೂ ಕೊಳ್ಳುತ್ತಾರೆ ಎಂದು ನನಗೆ ವಿವರಿಸಿದರು. ಯಾಡಿಯನ್ನು ಹಂಪಿಗೆ ಕರೆದೊಯ್ದು ಬಂಡೆಗಳ ನಡುವೆ ನಿಲ್ಲಿಸಿದರು. ದಿನವೂ ವಾಯಿಲ್ ಸೀರೆ ಉಡುತ್ತಿದ್ದವಳಿಗೆ ಪೆಟ್ಟಿಗೆಯಲ್ಲಿದ್ದ ಮದುವೆಯ ಉಡುಪು ತೊಡಿಸಿದರು. ಉರಿಬಿಸಿಲು. ಬೆಳ್ಳಿ ಒಡವೆ ಕಾದು ಕಿವಿಯ ಹತ್ತಿರ ಚರ್ಮ ಕೆಂಪಾಗಿತ್ತು. ನಗಬಾರದು ಎಂದು ಆಕೆಗೆ ತಿಳಿಸಲು ನನಗೆ ಹೇಳಿದರು. ನಾನು ಹೇಳಿದೆ. ಆಕೆ ನಗಲಿಲ್ಲ.

ಆ ಚಿತ್ರ ಜಾಕೆಟ್ಟಿನ ಚೀಟಿಯ ಮೇಲೆ ಬಂತು. ಕೆಳಗೆ, ಇದನ್ನು ಈಕೆಯ ಕೈಗಳು ಹೊಲಿದಿವೆ ಎಂದು ಇಂಗ್ಲಿಷಿನಲ್ಲಿತ್ತು. ಜಾಕೆಟ್ಟಿಗೆ ಎಲ್ಲ ಕಡೆ ಬೇಡಿಕೆ ಹುಟ್ಟಿತು. ಅದೇ ನಮಗೆ ಮುಳುವಾಯಿತು. ತಾಂಡಾದವರು ಮೂರು ತಿಂಗಳಲ್ಲಿ ಮಾಡುತ್ತಿದ್ದ ಕೆಲಸ ಈಗ ಕಂಪನಿಗೆ ಮೂರು ವಾರದಲ್ಲಿ ಬೇಕಿತ್ತು.

ಒಂದು ಸೋಮವಾರದ ಆನ್‌ಲೈನ್ ಸಭೆಯಲ್ಲಿ ತೀರ್ಮಾನವಾಯಿತು. ಕಸೂತಿಯನ್ನು ಬೇರೆ ದೇಶದ ಕಾರ್ಖಾನೆಯೊಂದರಲ್ಲಿ ಮಷಿನ್ನಿನಿಂದ ಹಾಕಿಸುವುದು, ಚೀಟಿ ಮಾತ್ರ ಹಾಗೇ ಇರಲಿ. ‘ತಾಂಡಾದವರಿಂದ ಏನೂ ತೊಂದರೆ ಬರುವುದಿಲ್ಲವಷ್ಟೇ?’ ಎಂದು ನನ್ನನ್ನು ಕೇಳಿದರು.

‘ಇಲ್ಲ’ ಎಂದೆ. ಬೇರೆ ಯಾರೂ ನನ್ನಿಂದ ಆ ಮಾತು ಆಡಿಸಲಿಲ್ಲ. ನಾನೇ ಆಡಿದೆ.

ಆರ್ಡರ್ ತಡವಾಗಿದೆ ಎಂದು ಯಾಡಿಗೆ ಹೇಳುತ್ತಾ ಹೋದೆ. ಮೊದಲು ಒಂದು ತಿಂಗಳು ಎಂದೆ, ಆಮೇಲೆ ಮಳೆಗಾಲ ಮುಗಿಯಲಿ ಎಂದೆ. ಹೆಂಗಸರು ಉಳಿದ ದಾರದಲ್ಲಿ ಸಣ್ಣ ಚೀಲಗಳನ್ನು ಹೊಲಿದು, ಭಾನುವಾರ ಭಾನುವಾರ ಹಂಪಿಯಲ್ಲಿ ಪ್ರವಾಸಿಗರು ಓಡಾಡುವ ದಾರಿಯಲ್ಲಿ ಹಾಸಿಕೊಂಡು ಕೂರತೊಡಗಿದರು. ಇಂಗ್ಲಿಷ್ ಮಾತಾಡಲು ನಾನೂ ಜೊತೆಗೆ ಹೋಗುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಬಿಳಿಯ ಹೆಂಗಸೊಬ್ಬಳು ಯಾಡಿಯ ಮುಂದೆ ಬಂದು ನಿಂತುಬಿಟ್ಟಳು. ಬಾಯಿಗೆ ಕೈ ಇಟ್ಟುಕೊಂಡಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಜಾಕೆಟ್ ಬಿಚ್ಚಿ ತೋರಿಸಿದಳು. ಅವಳ ಊರಿನ ಅಂಗಡಿಯ ಗಾಜಿನಲ್ಲಿ ಯಾಡಿಯ ಆಳೆತ್ತರದ ಚಿತ್ರವಿತ್ತಂತೆ. ಇದನ್ನು ಹೊಲಿದವರನ್ನೇ ನೋಡುತ್ತಿದ್ದೇನೆಂದು ನಂಬಲಾಗುತ್ತಿಲ್ಲ ಎಂದು ಯಾಡಿಯನ್ನು ಅಪ್ಪಿಕೊಂಡಳು.

ಯಾಡಿಗೂ ಖುಷಿಯಾಯಿತು. ತನ್ನ ಕೆಲಸ ಹೇಗೆ ಕಾಣುತ್ತದೋ ನೋಡೋಣವೆಂದು ಜಾಕೆಟ್ಟನ್ನು ಕೈಗೆ ತೆಗೆದುಕೊಂಡಳು. ಬೆರಳಾಡಿಸಿದವಳು ಸ್ವಲ್ಪ ತಡೆದಳು. ಆಮೇಲೆ ಅದನ್ನು ಒಳಮಗ್ಗುಲು ಹೊರಗಾಗುವಂತೆ ತಿರುವಿದಳು. ಹಿಂಬದಿಯಲ್ಲಿ ಕೈಹೊಲಿಗೆಯ ಒಂದು ಗಂಟೂ ಇರಲಿಲ್ಲ. ಉದ್ದಕ್ಕೂ ಒಂದೇ ಸಮನೆ ಓಡಿದ ಬಿಳಿ ದಾರ.

‘ಇದು ನಮ್ದಲ್ಲ’ ಎಂದಳು ನನ್ನ ಕಡೆ ನೋಡಿ. ‘ಮಷಿನ್ನಿಂದು. ಹೇಳು ಆಕಿಗೆ. ನನ್ ಮುಖ ಅಷ್ಟ ಐತಿ ಇದ್ರಾಗ, ಕೈ ಇಲ್ಲ ಅಂತ ಹೇಳು.’

ಬಿಳಿ ಹೆಂಗಸು ನಗುತ್ತಾ ನನ್ನ ಮುಖ ನೋಡುತ್ತಿದ್ದಳು, ಏನಂದರು ಎಂದು. ನಾನು ಇಂಗ್ಲಿಷಿನಲ್ಲಿ, ತನ್ನ ಕೆಲಸ ಇಷ್ಟು ದೂರ ಹೋಗಿ ಬಂದದ್ದು ಕಂಡು ಇವರಿಗೆ ಬಹಳ ಸಂತೋಷವಾಗಿದೆ ಎಂದೆ. ಅವಳ ಕಣ್ಣು ತುಂಬಿ ಬಂತು. ಮತ್ತೊಮ್ಮೆ ಅಪ್ಪಿಕೊಂಡಳು. ಈ ಸಲ ಯಾಡಿ ಕೈ ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

ಅವಳು ಹೋದ ಮೇಲೆ ಕೇಳಿದಳು: ‘ನೀ ಏನಂದಿ ಆಕಿಗೆ?’

‘ನೀವ್ ಹೇಳಿದ್ದನ್ನೇ ಅಂದೆ, ಯಾಡಿ.’

‘ಮತ್ತ ಆಕಿ ಯಾಕ ನಕ್ಕೊಂತ ಹೋದ್ಲು?’

ಯಾಡಿ ಚೀಲಗಳನ್ನು ಒಂದೊಂದಾಗಿ ಮಡಚಿ ಗಂಟು ಕಟ್ಟಿದಳು. ಅವತ್ತು ನನಗೆ ಕಾಯದೆ ಸಂಡೂರಿನ ಬಸ್ಸಿಗೆ ನಡೆದುಹೋದಳು.

ಅದಾದ ಮೇಲೂ ನಾನು ಒಂದೂವರೆ ವರ್ಷ ಅದೇ ಕೆಲಸದಲ್ಲಿದ್ದೆ. ಅದನ್ನು ಮುಚ್ಚಿಟ್ಟು ಬರೆಯಲಾರೆ. ಅಷ್ಟರಲ್ಲಿ ತಾಂಡಾದ ಗುಂಪು ಚದುರಿತ್ತು. ಕೆಲವರು ದೋಣಿಮಲೈ ಗಣಿಯ ಕ್ವಾರ್ಟರ್ಸಿನ ಮನೆಗೆಲಸಕ್ಕೆ ಹೋಗುತ್ತಿದ್ದರು. ಯಾಡಿ ಕಂಪ್ಲಿ ಹತ್ತಿರದ ಎಮ್ಮಿಗನೂರಿನಲ್ಲಿ ಮಗಳ ಮನೆ ಸೇರಿ ಭತ್ತದ ನಾಟಿಗೆ ಹೋಗುತ್ತಾಳೆಂದು ತಿಳಿಯಿತು. ಕೆಲಸ ಬಿಟ್ಟ ವಾರವೇ ಅಲ್ಲಿಗೆ ಹೋದೆ.

ಗದ್ದೆಯಿಂದ ಆಗಷ್ಟೇ ಬಂದಿದ್ದಳು. ಪಾದದ ಮೇಲೆ ಕೆಸರು ಒಣಗುತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತಳು.

‘ಬರ್ರಿ ಮೇಡಂ. ಕುಂದ್ರಿ.’

ಆ ಒಂದು ‘ರಿ’ ಕೇಳಿ ನನ್ನ ಎದೆ ಒಡೆಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂತವಳು ಎಲ್ಲವನ್ನೂ ಹೇಳಿದೆ: ಸಭೆ, ನಾನಾಡಿದ ‘ಇಲ್ಲ’, ಹಂಪಿಯಲ್ಲಿ ಆ ಹೆಂಗಸಿಗೆ ಹೇಳಿದ ಸುಳ್ಳು.

‘ಗೊತ್ತೈತ್ರಿ’ ಎಂದಳು. ‘ಅವತ್ತ ನಿಮ್ ಮುಖ ನೋಡಿದ್ನಲ್ಲ.’

‘ಬೈದುಬಿಡ್ರಿ ಯಾಡಿ.’

‘ಬೈದು ಏನ್ ಮಾಡ್ಲಿ? ನಿಮ್ದೂ ಹೊಟ್ಟಿಪಾಡು.’

ಈಗಲೂ ಕಸೂತಿ ಹಾಕುತ್ತೀರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ‘ಬಿಟ್ಟೀನ್ರಿ. ಸೂಜಿ ಹಿಡದ್ರ ಆಕಿ ಅಪ್ಕೊಂಡಿದ್ದು ನೆನಪಾಗ್ತೈತಿ. ಪಾಪ, ಎಷ್ಟ್ ದೂರದಿಂದ ಬಂದಿದ್ಲು. ಆಕಿಗೂ ಮೋಸ ಆತಲ್ಲ.’

ಚಹಾ ಕೊಟ್ಟಳು. ರಸ್ತೆಯವರೆಗೂ ಬಂದು ಬಸ್ಸಿಗೆ ಕೈ ಮಾಡಿದಳು. ‘ಹುಷಾರಾಗಿ ಹೋಗ್ರಿ’ ಎಂದಳು.

ಕಂಪ್ಲಿಯಲ್ಲಿ ಇಳಿದು ಹೊಸಪೇಟೆಯ ಬಸ್ಸು ಹಿಡಿಯಬೇಕಿತ್ತು. ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ಬಂದು ಹೋಯಿತು, ಇನ್ನೊಂದು ಬಂದು ಹೋಯಿತು. ನಾನು ಮುಖಕ್ಕೆ ಸೆರಗು ಹಿಡಿದು ಕಂಬದ ಪಕ್ಕ ಕೂತೇ ಇದ್ದೆ. ಹೂ ಮಾರುತ್ತಿದ್ದವಳೊಬ್ಬಳು, ‘ಯಾಕವ್ವ, ಯಾರಾದ್ರೂ ತೀರ್ಕೊಂಡ್ರೇನು?’ ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ.