ಸಮವಸ್ತ್ರದ ಪಟ್ಟಿಗೆ ಸೇರಿದ ಜೈತುನಬಿ

ಇಂಡಿ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಸಂಘಮಿತ್ರಾಗೆ ಜಾಣೆ ಎಂಬ ಹೆಸರಿತ್ತು. ಮೂರು ವರ್ಷಗಳಲ್ಲಿ ಕಾರ್ಖಾನೆ ಏನೇನು ಕೊಂಡಿತು, ಯಾರಿಂದ ಕೊಂಡಿತು ಎಂಬ ಹನ್ನೊಂದು ಸಾವಿರ ಸಾಲುಗಳನ್ನು ಕಂಪ್ಯೂಟರಿನಲ್ಲಿ ಹಸನು ಮಾಡುವ ಕೆಲಸ ಅವಳ ಪಾಲಿಗೆ ಬಂತು. ಒಂದೇ ಅಂಗಡಿಯ ಹೆಸರನ್ನು ಒಬ್ಬ ಗುಮಾಸ್ತ ಒಂದು ತರ ಬರೆದಿದ್ದರೆ ಇನ್ನೊಬ್ಬ ಇನ್ನೊಂದು ತರ ಬರೆದಿದ್ದ. ಅವನ್ನೆಲ್ಲ ಕೂಡಿಸಿ, ಬೇರಿಂಗು, ಸುಣ್ಣ, ಗೋಣಿಚೀಲ, ಸಮವಸ್ತ್ರ ಎಂದು ವಿಂಗಡಿಸಬೇಕಿತ್ತು. ಹದಿನೈದು ದಿನದ ಗಡುವು.

ಹನ್ನೆರಡನೆಯ ದಿನ ‘ಜೈತುನ ಟೇಲರ್, ಮೋರಟಗಿ’ ಎಂಬ ಹೆಸರು ಬಂತು. ಮುಂದೆ ‘ಹೊಲಿಗೆ’ ಎಂದಷ್ಟೇ ಇತ್ತು. ಸಮವಸ್ತ್ರ ಹೊಲಿಸುವುದು ವರ್ಷಕ್ಕೊಮ್ಮೆ. ಇದು ಕಬ್ಬು ನುರಿಸುವ ಪ್ರತಿ ತಿಂಗಳೂ ಇತ್ತು. ಅನುಮಾನ ಬರದೆ ಇರಲಿಲ್ಲ. ಉಗ್ರಾಣದ ಅಮೋಘಸಿದ್ಧನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಅವನು ಮಾತಿಗೆ ಸಿಕ್ಕರೆ ಬಿಡುವವನಲ್ಲ. ಅವಳು ‘ಸಮವಸ್ತ್ರ’ ಎಂದು ಒತ್ತಿ ಮುಂದೆ ಹೋದಳು.

ಆ ಪಟ್ಟಿ ನೋಡಿ ವ್ಯವಸ್ಥಾಪಕ ಗುರುನಾಥ ಸಮವಸ್ತ್ರವನ್ನೆಲ್ಲ ಒಂದೇ ಅಂಗಡಿಗೆ ವಹಿಸಿ, ಆ ಗುಂಪಿನ ಉಳಿದ ಹೆಸರುಗಳನ್ನು ತೆಗೆಸಿಬಿಟ್ಟ. ಸಭೆಯಲ್ಲಿ ಎಲ್ಲರೆದುರು ಅವಳನ್ನು ಹೊಗಳಿದ.

ಕಬ್ಬು ನುರಿಸುವ ಹಂಗಾಮು ಶುರುವಾಗಿ ಎರಡು ತಿಂಗಳಿಗೆ ಜೈತುನಬಿ ಎಂಬ ವಯಸ್ಸಾದ ಹೆಂಗಸು ಕಚೇರಿಗೆ ಬಂದಳು. ಕೈಯಲ್ಲಿ ಕಬ್ಬಿನ ರಸ ಸೋಸುವ ದಪ್ಪ ಬಟ್ಟೆಯ ಚೀಲ.

“ಎಂಟು ವರ್ಷ ಇವನ್ನ ಹೊಲ್ದು ಕೊಟ್ಟೇನ್ರಿ ಮೇಡಂ. ಈ ಸಲ ಯಾಕ ಕರೀಲಿಲ್ರಿ? ಹೊಲಿಗಿ ಏನರ ಬಿಚ್ಚಿತೇನು?”

ಪಟ್ಟಿಯಲ್ಲಿದ್ದ ‘ಹೊಲಿಗೆ’ ಸಮವಸ್ತ್ರದ್ದಲ್ಲ, ಈ ಚೀಲದ್ದು ಎಂದು ನೋಡಿದೊಡನೆ ಸಂಘಮಿತ್ರಾಗೆ ತಿಳಿಯಿತು. ಬಾಯಿಗೆ ಬಂದದ್ದು ಬೇರೆ.

“ಮ್ಯಾಲಿನವರ ಹುಕುಂ ಐತ್ರಿ. ನಮ್ಮ ಕೈಯಾಗ ಏನಿಲ್ಲ.”

ಜೈತುನಬಿ ಚೀಲ ಮಡಚಿಕೊಂಡು ಹೋದಳು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಸಂಘಮಿತ್ರಾಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಮರುದಿನ ಗುರುನಾಥನ ಮುಂದೆ ನಿಂತು ತಪ್ಪು ಒಪ್ಪಿಕೊಂಡಳು. ಅವನು, “ಹೋಗ್ಲಿ ಬಿಡ್ರಿ, ಒಂದು ಸಾಲು” ಎಂದು ಹೆಸರು ಮತ್ತೆ ಸೇರಿಸಿಕೊಳ್ಳಲು ಹೇಳಿದ. ಬೈದಿದ್ದರೆ ವಾಸಿಯಿತ್ತು.

ಭಾನುವಾರ ಅವಳು ಸಿಂದಗಿಯಲ್ಲಿ ಬಸ್ಸು ಬದಲಿಸಿ ಮೋರಟಗಿಗೆ ಹೋದಳು. ಜೈತುನಬಿಯ ಪಡಸಾಲೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದಕ್ಕೆ ಬಟ್ಟೆ ಮುಚ್ಚಿತ್ತು.

“ಚಾಚಿ, ತಪ್ಪು ನಂದು. ನಿಮ್ಮ ಹೆಸರು ಬ್ಯಾರೆ ಕಡೆ ಹಾಕಿದೆ. ಅವತ್ತು ಸುಳ್ಳೂ ಹೇಳಿದೆ.”

ಜೈತುನಬಿ ಮುಚ್ಚಿದ ಯಂತ್ರದತ್ತ ನೋಡಿದಳು.

“ನನ್ನ ಸೊಸಿ ಶಮ್ಶುನ್ನೀಸಾಂದು ಅದು. ‘ನೀ ಹೊಲಿಗಿ ಕೆಡಿಸಿದಿ, ಅದಕ್ಕ ಕೆಲಸ ಹೋತು’ ಅಂತ ದಿನಾ ಆಕಿನ್ನ ಬೈದೆ. ಸಿಟ್ಟಾಗಿ ಮುದ್ದೇಬಿಹಾಳಕ್ಕ ತವರಿಗಿ ಹೋಗ್ಯಾಳ.”

ಸಂಘಮಿತ್ರಾಗೆ ತಲೆ ಎತ್ತಲಾಗಲಿಲ್ಲ. “ನಾ ಹೋಗಿ ಹೇಳ್ತೇನ್ರಿ” ಎಂದಳು.

ಮುಂದಿನ ಭಾನುವಾರ ಮುದ್ದೇಬಿಹಾಳಕ್ಕೆ ಹೋಗಿ ಹೇಳಿದಳು ಕೂಡ. ಶಮ್ಶುನ್ನೀಸಾ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು, ಒಳಗೆ ಕರೆಯಲಿಲ್ಲ.

“ನಿಮ್ಮ ತಪ್ಪು ನೀವು ಹೇಳಿದ್ರಿ. ನನ್ನ ಬೈದಾಕಿ ನಮ್ಮತ್ತಿ. ಆಕಿ ಬರಬೇಕಲ್ರಿ?”

ಸಂಘಮಿತ್ರಾ ಆ ಮಾತನ್ನು ಹಾಗೆಯೇ ಮೋರಟಗಿಗೆ ಫೋನಿನಲ್ಲಿ ತಿಳಿಸಿದಳು.

ಜೈತುನಬಿ ಹೋದಳು. ಒಂದು ಸಲಕ್ಕೆ ಸೊಸೆ ಬರಲಿಲ್ಲ, ಎರಡನೆಯ ಸಲಕ್ಕೆ ಬಂದಳು. ಫೆಬ್ರವರಿಯಲ್ಲಿ ನಲವತ್ತು ಚೀಲ ಹೊತ್ತು ಅತ್ತೆ ಸೊಸೆ ಇಬ್ಬರೂ ಕಾರ್ಖಾನೆಗೆ ಬಂದರು. ಉಗ್ರಾಣದ ಬಾಗಿಲಲ್ಲಿ ಜೈತುನಬಿ ಸಂಘಮಿತ್ರಾಳನ್ನು ನೋಡಿ ನಕ್ಕಳು. ಶಮ್ಶುನ್ನೀಸಾ ಸೆರಗು ಸರಿಪಡಿಸಿಕೊಂಡು ಚೀಲ ಎಣಿಸುತ್ತಲೇ ಇದ್ದಳು. ಸಂಘಮಿತ್ರಾ ರಸೀದಿಯಲ್ಲಿ ‘ರಸ ಸೋಸುವ ಚೀಲದ ಹೊಲಿಗೆ’ ಎಂದು ಪ್ರತಿ ಅಕ್ಷರವನ್ನೂ ಬಿಡಿಸಿ ಬರೆದಳು.