ಅರ್ಧ ಕ್ಲಚ್ಚಿನ ಮೇಷ್ಟ್ರು

ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಉಳಿದರ್ಧ ಜನ ಅವರ ಶಿಷ್ಯರು ಬರುವುದನ್ನು ದೂರದಿಂದಲೇ ಕಂಡು ದಾರಿ ಬಿಡುವುದನ್ನು ತಾವಾಗಿಯೇ ಕಲಿತಿದ್ದರು.

ಮೂವತ್ತು ವರ್ಷ ಮೇಷ್ಟ್ರು ಕುಳಿತದ್ದು ಪಕ್ಕದ ಸೀಟಿನಲ್ಲಿ. ಶಾಲೆಯ ಗಾಡಿಯಲ್ಲಿ ಅವರ ಕಾಲ ಕೆಳಗೆ ಅವರಿಗೆಂದೇ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇದ್ದವು. ಸ್ಟಿಯರಿಂಗ್ ಮಾತ್ರ ಶಿಷ್ಯರ ಕೈಯಲ್ಲಿ. ಶಾಲೆ ಮನೆಯ ಹಿಂದಿನ ಬೀದಿಯಲ್ಲೇ ಇದ್ದುದರಿಂದ ಅವರು ನಡೆದು ಹೋಗಿ ನಡೆದು ಬರುತ್ತಿದ್ದರು. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವವನು ಬೆಳಗಿನ ಮೊದಲ ಶಿಷ್ಯ, ಒಳಗೆ ಸೇರಿಸುವವನು ಸಂಜೆಯ ಕೊನೆಯ ಶಿಷ್ಯ. ಅದರ ಸುಖದುಃಖವೆಲ್ಲ ಶೆಡ್ಡಿನ ಗೋಡೆಗೆ ಗೊತ್ತಿತ್ತು. ಪೆಟ್ರೋಲು ತುಂಬಿಸುವುದು, ಚಕ್ರಕ್ಕೆ ಗಾಳಿ ಹಿಡಿಸುವುದು ಎಲ್ಲ ಶಾಲೆಯ ಯಜಮಾನರ ಪಾಲಿಗೆ. ಮೇಷ್ಟ್ರ ಪಾಲಿಗೆ ಇದ್ದದ್ದು ಬಾಯಿ ಮತ್ತು ಬಲಗಾಲು.

ಬಾಯಿಯಿಂದ ಬರುತ್ತಿದ್ದ ಉಪದೇಶಗಳಲ್ಲಿ ಒಂದಂತೂ ಊರಿನ ಗಾದೆಯೇ ಆಗಿಹೋಗಿತ್ತು: "ಅರ್ಧ ಕ್ಲಚ್ಚು, ಪೂರ್ತಿ ಆಯಸ್ಸು." ಭಯವಾದರೆ ಅರ್ಧ ಕ್ಲಚ್ಚು. ಸಂದಿಯಲ್ಲಿ ಅರ್ಧ ಕ್ಲಚ್ಚು. ಎದುರಿಗೆ ಎಮ್ಮೆ ಬಂದರೂ, ಪೊಲೀಸ್ ಬಂದರೂ, ಬೀಗರು ಬಂದರೂ ಅರ್ಧ ಕ್ಲಚ್ಚು. ಕ್ಲಚ್ಚನ್ನು ಅರ್ಧ ಒತ್ತಿಹಿಡಿದರೆ ಗಾಡಿ ಅತ್ತ ಓಡುವುದೂ ಇಲ್ಲ, ಇತ್ತ ನಿಲ್ಲುವುದೂ ಇಲ್ಲ. ಹೊಸಬರಿಗೆ ಅಷ್ಟು ಧೈರ್ಯ ಸಾಕು ಎಂಬುದು ಅವರ ಲೆಕ್ಕಾಚಾರ.

ಕೆಲಸದಿಂದ ನಿವೃತ್ತರಾದ ದಿನ ಮನೆಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದಾಗ ಅವರ ಭಾವಮೈದುನ ಒಂದು ಮಾತು ಆಡಿದ. ಅವನದು ಫ್ರಿಜ್ಜು, ಮಿಕ್ಸಿ ಮಾರುವ ಅಂಗಡಿ. ಬಿಡುವಿನಲ್ಲಿ ಕಾರುಗಳ ವಿಷಯ ಓದುವ ಹುಚ್ಚು.

"ಭಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಗಾಡಿ ಓಡಿಸಿದ್ದನ್ನ ನಾನು ಒಂದು ದಿನವೂ ನೋಡಿಲ್ಲ. ನಿಮಗೆ ಓಡಿಸೋಕೆ ಬರತ್ತೆ ತಾನೇ?"

"ಏ, ಬಾಯಿಮುಚ್ಚು," ಎಂದು ಅವನ ಅಕ್ಕ, ಮೇಷ್ಟ್ರ ಹೆಂಡತಿ, ಗದರಿದರು. ಮೇಷ್ಟ್ರು ನಕ್ಕರು. ಆದರೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅಲ್ಲೇ ಉಳಿಯಿತು. ಯಾಕೆಂದರೆ ಆ ಪ್ರಶ್ನೆಯನ್ನು ಅವರೇ ಎಷ್ಟೋ ಸಲ ತಮ್ಮನ್ನು ಕೇಳಿಕೊಂಡಿದ್ದರು. ಲೈಸೆನ್ಸು ಇತ್ತು, ಅದು ನಿಜ. ಪಕ್ಕದಲ್ಲಿ ಯಾರೂ ಬ್ರೇಕು ಹಿಡಿಯದೆ, ತಾವೇ ಗಾಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದದ್ದು ಯಾವ ಕಾಲದಲ್ಲಿ ಎಂದು ನೆನಪಿಸಿಕೊಳ್ಳಲು ಹೋದರೆ ತಲೆಯೊಳಗೆ ಬರಿಯ ಮಂಜು. ಈಜು ಕಲಿಸುವವನಿಗೇ ನೀರಿನ ಭಯವಿದ್ದರೆ ದಡದಲ್ಲಿ ನಿಂತು ಕೂಗುವುದೊಂದೇ ಉಳಿಯುತ್ತದೆ. ತಾನು ಅಂಥವನೋ ಅಲ್ಲವೋ ಎಂಬುದನ್ನು ಈಗ ತಿಳಿಯದಿದ್ದರೆ ಇನ್ನು ಯಾವಾಗ?

ಹೆಂಡತಿ ಬಯಸಿದ್ದು ಒಂದು ಚಿಕ್ಕ ಕಾರು. ತರಕಾರಿ ಚೀಲ ಹಿಡಿಸಿದರೆ ಸಾಕು. ಮೇಷ್ಟ್ರ ಕಣ್ಣು ಬಿದ್ದದ್ದು ಮಾತ್ರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಮುಸುಕು ಹೊದ್ದು ನಿಲ್ಲುತ್ತಿದ್ದ ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ಡಾಕ್ಟರು ಅವರದೇ ಹಳೆಯ ಶಿಷ್ಯ. ಅದನ್ನು ಮಾರುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು.

"ಮುನ್ನೂರು ಕುದುರೆ ಶಕ್ತಿ ಕಣೇ," ಎಂದರು ಹೆಂಡತಿಗೆ.

"ಮುನ್ನೂರು ಕುದುರೇನಾ? ನಮ್ಮನೆ ಮುಂದೆ ಒಂದು ಸೈಕಲ್ ನಿಲ್ಲಿಸಿದ್ರೆ ಹಾಲಿನವನು ಒಳಗೆ ಬರೋಕಾಗಲ್ಲ!"

"ಒಂದೇ ಸಲಕ್ಕೆ ಎಲ್ಲ ಕುದುರೆ ಬಿಡಲ್ಲ. ನಿಧಾನವಾಗಿ..."

"ಬಿಟ್ರೂ ನಿಮ್ಮ ಕೈಲಿ ಅವೂ ನಡೆದುಕೊಂಡೇ ಹೋಗ್ತವೆ ಬಿಡಿ."

ಹಳೆಯ ಕಾರು ಕೊಳ್ಳುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, ಊರಿನವರೆಲ್ಲ ಪಂಡಿತರಾಗುತ್ತಾರೆ. ಭಾವಮೈದುನನಂತೂ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಉಪದೇಶಕ್ಕೆ ಕುಳಿತ. "ಭಾವ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಅವರು ಮೊದಲೇ ಎಬ್ಬಿಸಿ ಬಿಸಿ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರೋ ಎಂಜಿನ್ನನ್ನ ನಿಮ್ಮ ಕಣ್ಣೆದುರಿಗೇ ಎಬ್ಬಿಸಬೇಕು. ಕೆಮ್ಮತ್ತಾ, ನೀಲಿ ಹೊಗೆ ಬಿಡತ್ತಾ ನೋಡಬೇಕು. ನಾಲ್ಕು ಟೈರೂ ಒಂದೇ ಕಂಪನಿದಾ ನೋಡಿ. ಇಂಥ ಗಾಡಿಗೆ ಒಂದೊಂದು ಒಂದೊಂದು ಥರ ಹಾಕಿದ್ರೆ, ಓನರ್ ಜಿಪುಣ ಅಂತ ತಿಳ್ಕೊಳ್ಳಿ. ಟೈರಲ್ಲಿ ಜಿಪುಣ ಆದೋನು ಎಣ್ಣೇಲೂ ಜಿಪುಣನೇ. ಬಾಗಿಲಿನ ಬಣ್ಣ ಒಂದು ಥರ, ಬಾನೆಟ್ಟಿನ ಬಣ್ಣ ಇನ್ನೊಂದು ಥರ ಇದ್ರೆ ಎಲ್ಲೋ ಗುದ್ದಿದೆ. ಇನ್ಶೂರೆನ್ಸ್ ಎಷ್ಟು ಬರತ್ತೆ ಅಂತ ಕೊಳ್ಳೋಕೆ ಮುಂಚೆ ವಿಚಾರಿಸಿ, ಆಮೇಲೆ ವಿಚಾರಿಸಿದ್ರೆ ಎದೆನೋವು ಬರತ್ತೆ. ಗಾಡಿ ಅಗ್ಗಕ್ಕೆ ಸಿಗತ್ತೆ ಭಾವ, ಅದರ ಬ್ರೇಕ್ ಪ್ಯಾಡ್ ಅಗ್ಗಕ್ಕೆ ಸಿಗಲ್ಲ. ಆನೆ ಕೊಟ್ಟವರು ಅಂಕುಶ ಕೊಡಲ್ಲ!"

"ಮುಗೀತಾ?"

"ಮುಖ್ಯವಾದದ್ದು, ಗ್ಯಾರೇಜಿಗೆ ಒಯ್ದು ಮೇಲಕ್ಕೆತ್ತಿಸಿ ಹೊಟ್ಟೆ ನೋಡಿಸದೆ ದುಡ್ಡು ಕೊಡಬೇಡಿ."

ಭಾನುವಾರ ಇಬ್ಬರೂ ಹೋದರು. ಡಾಕ್ಟರು ಮುಸುಕು ತೆಗೆದಾಗ ಮೇಷ್ಟ್ರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ತಣ್ಣಗಿತ್ತು. ಟೈರುಗಳು ನಾಲ್ಕೂ ಒಡಹುಟ್ಟಿದವು. ಬಣ್ಣದಲ್ಲಿ ಭೇದವಿಲ್ಲ.

"ಓಡಿಸಿ ನೋಡಿ ಸಾರ್," ಎಂದು ಡಾಕ್ಟರು ಕೀಲಿ ಚಾಚಿದರು.

ಮೇಷ್ಟ್ರು ಕೀಲಿ ತೆಗೆದುಕೊಂಡರು, ಬಾಗಿಲು ತೆರೆದರು, ಬಾವಿಗಿಳಿಯುವವರಂತೆ ಒಂದೊಂದೇ ಕಾಲು ಇಳಿಸಿ ಕುಳಿತರು, ಬೆಲ್ಟು ಬಿಗಿದರು, ಮುಂದೆ ನೋಡಿ ಗಂಭೀರವಾಗಿ ಹೇಳಿದರು: "ಹ್ಞೂ, ಕನ್ನಡಿ ಸರಿ ಮಾಡ್ಕೊಳ್ಳಿ. ನ್ಯೂಟ್ರಲ್ ನೋಡ್ಕೊಳ್ಳಿ."

ಅವರು ಕುಳಿತದ್ದು ಪಕ್ಕದ ಸೀಟಿನಲ್ಲಿ.

ಭಾವಮೈದುನ ಟೈರು ನೋಡುವ ನೆಪದಲ್ಲಿ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ನಗು ನುಂಗಿದ. ಡಾಕ್ಟರು ಮಾತ್ರ ನಗಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಅವರು ಕೀಲಿ ವಾಪಸು ತೆಗೆದುಕೊಂಡು, ಕನ್ನಡಿ ಸರಿ ಮಾಡಿಕೊಂಡು, ತಾವೇ ಸ್ಟಿಯರಿಂಗ್ ಹಿಡಿದು ಬೀದಿಗೆ ಹೊರಟುಬಿಟ್ಟರು. ಮೇಷ್ಟ್ರಿಗೆ ತಪ್ಪು ಗೊತ್ತಾದಾಗ ಗಾಡಿ ವೃತ್ತವನ್ನು ದಾಟಿತ್ತು. ಇಳಿಯುತ್ತೇನೆ ಎನ್ನಲು ನಾಚಿಕೆ. ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲೊರೆಸನ್ನು ಮುದ್ದೆ ಮಾಡಿತು.

ಆಗ ಮೂಗಿಗೆ ಏನೋ ಸುಟ್ಟ ವಾಸನೆ ಬಡಿಯಿತು. ಓರೆಗಣ್ಣಿನಿಂದ ಕೆಳಗೆ ನೋಡಿದರು. ಡಾಕ್ಟರ ಎಡಗಾಲು ಕ್ಲಚ್ಚಿನ ಮೇಲೆ ಹಕ್ಕಿ ಮೊಟ್ಟೆಯ ಮೇಲೆ ಕುಳಿತಂತೆ ಕುಳಿತಿತ್ತು.

"ಕಾಲು ಯಾವಾಗಲೂ ಅಲ್ಲೇ ಇರತ್ತಾ ಡಾಕ್ಟ್ರೇ?"

"ಯಾವಾಗಲೂ ಸಾರ್!" ಎಂದರು ಡಾಕ್ಟರು, ಪಾಠ ಒಪ್ಪಿಸುವ ಹೆಮ್ಮೆಯಿಂದ. "ಅರ್ಧ ಕ್ಲಚ್ಚು, ಪೂರ್ತಿ ಆಯಸ್ಸು. ಒಂದು ದಿನವೂ ತಪ್ಪಿಸಿಲ್ಲ."

ಮೇಷ್ಟ್ರು ಕಿಟಕಿಯ ಗಾಜು ಇಳಿಸಿದರು.

ಅಲ್ಲಿಂದ ನೇರವಾಗಿ ಗ್ಯಾರೇಜಿಗೆ. ಭಾವಮೈದುನ ತನ್ನ ಸ್ಕೂಟರಿನಲ್ಲಿ ಅಲ್ಲಿಗೆ ಬಂದು ಸೇರಿಕೊಂಡ. ಗ್ಯಾರೇಜಿನ ಯಜಮಾನಿ ದೊಡ್ಡ ಗಂಟಲಿನ ಹೆಂಗಸು. ಗಾಡಿಯನ್ನು ಮೇಲಕ್ಕೆತ್ತಿಸಿ, ಕೆಳಗೆ ನಿಂತು, ಟಾರ್ಚು ಬಿಟ್ಟು ನೋಡಿದಳು. ಆಮೇಲೆ ತಾನೇ ಒಂದು ಸುತ್ತು ಓಡಿಸಿಕೊಂಡು ಬಂದಳು.

"ಎಂಜಿನ್ ಬಂಗಾರ. ಗೇರಿನ ಹಲ್ಲು ಗಟ್ಟಿ ಇದೆ..."

"ಹಲ್ಲಿನ ಡಾಕ್ಟರ ಗಾಡಿಯಲ್ವಾ," ಎಂದ ಭಾವಮೈದುನ.

"...ಆದ್ರೆ ಕ್ಲಚ್ ಪ್ಲೇಟು ಸತ್ತು ಬೂದಿ ಆಗಿದೆ. ಇಂಥ ಗಾಡಿ ಕ್ಲಚ್ಚು ಇಷ್ಟು ಬೇಗ ಹೀಗೆ ಆಗಿದ್ದು ನಾನು ಕಂಡಿಲ್ಲ. ಅಯ್ಯೋ ಡಾಕ್ಟ್ರೇ, ಕಾಲನ್ನ ಅಲ್ಲೇ ಬಾಡಿಗೆಗೆ ಬಿಟ್ಟಿದ್ರಾ? ಯಾರು ನಿಮಗೆ ಗಾಡಿ ಕಲಿಸಿದ ಮಹಾನುಭಾವ?"

ಡಾಕ್ಟರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಗೋಡೆಯ ಮೇಲಿನ ಎಣ್ಣೆ ಕಂಪನಿಯ ಕ್ಯಾಲೆಂಡರನ್ನು, ಅದು ಹೋದ ವರ್ಷದ್ದಾದರೂ, ಬಹಳ ಆಸಕ್ತಿಯಿಂದ ಓದತೊಡಗಿದರು.

"ಹಳೇ ಗಾಡಿ ಕೊಳ್ಳೋವಾಗ ಎಷ್ಟು ಓಡಿದೆ ಅಂತ ಎಲ್ಲರೂ ಕೇಳ್ತಾರೆ," ಎಂದಳು ಯಜಮಾನಿ ಕೈ ಒರೆಸಿಕೊಳ್ಳುತ್ತ. "ಓಡಿಸಿದೋನು ಯಾರ ಹತ್ರ ಕಲಿತ ಅಂತ ಒಬ್ಬರೂ ಕೇಳಲ್ಲ."

ಭಾವಮೈದುನನ ಮುಖ ಅರಳಿತು. ಮೇಷ್ಟ್ರ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಭಾವ, ಅದೃಷ್ಟ ಅಂದ್ರೆ ಇದು! ಪೂರ್ತಿ ಕ್ಲಚ್ಚಿನ ಖರ್ಚು ಬೆಲೇಲಿ ಇಳಿಸಿ ಅಂತ ಪಟ್ಟು ಹಿಡಿಯಿರಿ. ತಪ್ಪು ಅವರದ್ದು, ಬಿಡಬೇಡಿ."

"ಸುಮ್ನಿರೋ."

"ಯಾಕೆ ಸುಮ್ನಿರಲಿ? ಕೇಳಿ, ಕೇಳಿ! ಇಲ್ಲಾಂದ್ರೆ ನಾನು ಕೇಳ್ತೀನಿ."

ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಹೇಳಿದ್ದು ತಮ್ಮ ವಿಷಯದಲ್ಲೇ ಇರಬೇಕೆಂದು ಮೇಷ್ಟ್ರಿಗೆ ಅನ್ನಿಸಿತು. ಡಾಕ್ಟರ ಮುಂದೆ ಹೋಗಿ ನಿಂತರು.

"ಡಾಕ್ಟ್ರೇ, ಕ್ಲಚ್ಚಿನ ಅರ್ಧ ಖರ್ಚು ನನ್ನದು."

"ಛೆ ಛೆ, ಯಾಕೆ ಸಾರ್? ಹಾಳು ಮಾಡಿದ್ದು ನಾನಲ್ವಾ?"

"ಅರ್ಧ ಕ್ಲಚ್ಚು ಅಂತ ಹೇಳಿಕೊಟ್ಟೋನು ನಾನಲ್ವಾ? ಆ ಅರ್ಧ ನನ್ನದೇ."

ಯಜಮಾನಿ ಬಿದ್ದು ಬಿದ್ದು ನಕ್ಕಳು. ಭಾವಮೈದುನ ತಲೆಯ ಮೇಲೆ ಕೈ ಹೊತ್ತುಕೊಂಡ. ಡಾಕ್ಟರು ಮೇಷ್ಟ್ರ ಕೈ ಹಿಡಿದುಕೊಂಡು, "ನಿಮ್ಮ ಹಿಂದಿನ ದವಡೆ ಹಲ್ಲು ಒಂದು ದಿನ ಬಂದು ತೋರಿಸಿ ಸಾರ್, ನಾನು ನೋಡ್ಕೋತೀನಿ," ಎಂದರು. ವ್ಯವಹಾರ ಮುಗಿಯಿತು.

ಹೊಸ ಕ್ಲಚ್ಚು ಕೂಡಿಸಿದ ಮೇಲೆ, ಒಂದು ಮಧ್ಯಾಹ್ನ ಗಂಡಹೆಂಡಿರಿಬ್ಬರೇ ಗಾಡಿ ತರಲು ಗ್ಯಾರೇಜಿಗೆ ಹೋದರು. ಭಾವಮೈದುನ ಬರುತ್ತೇನೆಂದರೂ ಮೇಷ್ಟ್ರು ಬೇಡವೆಂದಿದ್ದರು. ಬಿದ್ದರೂ ಅವನೆದುರು ಬೀಳಬಾರದು. ಹೆಂಡತಿ ಸೀರೆ ಒಟ್ಟು ಮಾಡಿಕೊಂಡು ಒಳಗಿಳಿದು, "ಇದೇನು ಕಾರೋ, ಸ್ನಾನದ ತೊಟ್ಟಿಯೋ?" ಎಂದರು. ಮೇಷ್ಟ್ರು ಈ ಸಲ ಸರಿಯಾದ ಬಾಗಿಲನ್ನೇ ತೆರೆದರು.

"ಕನ್ನಡಿ!" ಎಂದು ಗಟ್ಟಿಯಾಗಿ ಕೂಗಿಕೊಂಡರು. "ಬೆಲ್ಟು! ನ್ಯೂಟ್ರಲ್! ಹೆದರಬೇಡಿ! ನಿಧಾನ, ನಿಧಾನ... ಬ್ರೇಕ್!"

ಗಾಡಿ ಒಂದು ಮಾರು ಹಾರಿ ನಿಂತುಹೋಯಿತು. ಮತ್ತೆ ಎಬ್ಬಿಸಿದರು. ಮತ್ತೆ "ನಿಧಾನ!" ಎಂದು ತಾವೇ ಕೂಗಿ ತಾವೇ ಬೆಚ್ಚಿ ಬ್ರೇಕು ತುಳಿದರು. ಮತ್ತೆ ನಿಂತಿತು, ಗ್ಯಾರೇಜಿನ ಬಾಗಿಲಿಗೆ ಅಡ್ಡವಾಗಿ, ಅರ್ಧ ರಸ್ತೆಗೆ ಮೂತಿ ಚಾಚಿ. ಹಿಂದಿನಿಂದ ಹಾರ್ನು. ನೋಡಿದರೆ ಅವರ ಹಳೆಯ ಶಾಲೆಯದೇ ಗಾಡಿ. ನೆತ್ತಿಯ ಮೇಲೆ ಕೆಂಪು ಅಕ್ಷರದ ಬೋರ್ಡು, ಒಳಗೆ ಯಾರೋ ಹೊಸ ಹುಡುಗಿ. ಅವಳು ಸಿಗ್ನಲ್ ಹಾಕಿ, ಎಚ್ಚರಿಕೆಯಿಂದ ಅವರನ್ನು ಬಳಸಿ ಮುಂದೆ ಹೋದಳು.

ಮೇಷ್ಟ್ರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟರು. "ನಿನ್ನ ತಮ್ಮ ಹೇಳಿದ್ದೇ ನಿಜ ಕಣೇ. ನನಗೆ ಬರಲ್ಲ."

ಹೆಂಡತಿ ಅವರ ಕಡೆ ತಿರುಗಿದರು. ಕೇಳಿದರು: "ರೀ, ಈ ಗಾಡೀಲಿ ಎಷ್ಟು ಸೀಟಿದೆ?"

"ಎರಡು."

"ಒಂದ್ರಲ್ಲಿ ನಾನಿದ್ದೀನಿ. ಇನ್ನೊಂದ್ರಲ್ಲಿ ನೀವಿದ್ದೀರಿ. ಮತ್ತೆ ಆಗ್ಲಿಂದ ಕಿರುಚ್ತಾ ಇದಾನಲ್ಲ ಆ ಮೇಷ್ಟ್ರು, ಅವನು ಎಲ್ಲಿ ಕೂತಿದ್ದಾನೆ? ಮೊದಲು ಅವನನ್ನ ಕೆಳಗಿಳಿಸಿ."

ಮೇಷ್ಟ್ರು ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ಮೂರನೆಯ ಸಲ ಗಾಡಿ ಎಬ್ಬಿಸಿದರು, ಬಾಯಿ ಬಿಗಿದುಕೊಂಡು. ಎಡಗಾಲನ್ನು ಕ್ಲಚ್ಚಿನಿಂದ ಪೂರ್ತಿ ತೆಗೆದು ನೆಲದ ಮೇಲೆ ಇಟ್ಟರು. ಗಾಡಿ ಹೊರಟಿತು.

ಮಾರುಕಟ್ಟೆಯ ಉಬ್ಬುಗಳನ್ನು, ಹೊಟ್ಟೆ ತಾಗದಂತೆ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ ದಾಟಿಸಿದರು. ಮನೆಯ ಕಡೆಗೆ ತಿರುಗುವ ರಸ್ತೆ ಬಂತು. ಮೇಷ್ಟ್ರು ತಿರುಗಲಿಲ್ಲ. ಊರು ಮುಗಿದು ದೊಡ್ಡ ರಸ್ತೆ ಸಿಕ್ಕಿತು. ಎರಡನೆಯ ಗೇರಿನಿಂದ ಮೂರಕ್ಕೆ ಹಾಕಿ, ಬಲಗಾಲನ್ನು ಒಂದಿಷ್ಟು ಒತ್ತಿದಾಗ ಬೆನ್ನನ್ನು ಯಾರೋ ಹಿಂದಿನಿಂದ ತಬ್ಬಿ ಸೆಳೆದಂತಾಯಿತು. ಅದುವರೆಗೆ ಲಾಯದಲ್ಲೇ ನಿಂತಿದ್ದ ಕುದುರೆಗಳೆಲ್ಲ ಒಟ್ಟಿಗೆ ಕಿವಿ ನಿಮಿರಿಸಿದ ಹಾಗೆ. ಲಾರಿಯೊಂದನ್ನು ದಾಟಿದರು. ಯಾರನ್ನೋ ದಾಟಿ ಹೋದದ್ದು ಅವರ ಜೀವಮಾನದಲ್ಲೇ ಮೊದಲು. ಹಿಂದಿನಿಂದ ಲಾರಿಯವನು ಬೈದನೋ ಹೊಗಳಿದನೋ ಕೇಳಿಸಲಿಲ್ಲ.

"ಇನ್ನೂ ಸ್ವಲ್ಪ," ಎಂದರು ಹೆಂಡತಿ, ಕಿಟಕಿಯ ಗಾಳಿಗೆ ಕಣ್ಣು ಕಿರಿದು ಮಾಡಿ.

ಸ್ಟಿಯರಿಂಗಿನ ಹಿಂದಿನ ಮೀಟರಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಹೆಂಡತಿ "ಚೆನ್ನಾಗಿದೆ" ಎಂದರು. ಮೇಷ್ಟ್ರೂ ಹಾಗೆಯೇ ಅಂದುಕೊಂಡರು. ಶಾಲೆಯ ಗಾಡಿಯಲ್ಲಿ ಎಲ್ಲ ದೀಪಗಳೂ ಸದಾಕಾಲ ಉರಿಯುತ್ತಲೇ ಇದ್ದವು. ಅವಕ್ಕೆ ಅರ್ಥವಿದೆ ಎಂಬ ಸಂಶಯ ಅವರಿಗೆ ಬಂದಿರಲೇ ಇಲ್ಲ.

ಎರಡು ಊರು ದಾಟಿ, ಮೂರನೆಯದರ ನೀರಿನ ಟ್ಯಾಂಕು ಕಾಣುವ ಹೊತ್ತಿಗೆ ಗಾಡಿ ಎರಡು ಸಲ ಬಿಕ್ಕಿ, ಸದ್ದಿಲ್ಲದೆ ರಸ್ತೆಯ ಬದಿಗೆ ಜಾರಿ ನಿಂತಿತು. ಮುನ್ನೂರು ಕುದುರೆಗೂ ಹೊಟ್ಟೆಯಿದೆ ಎಂಬುದು ಆಗ ಗೊತ್ತಾಯಿತು. ಹೆಂಡತಿ ತಮ್ಮನಿಗೆ ಫೋನು ಮಾಡಿದರು. ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತ ಕಾದರು.

ಭಾವಮೈದುನ ಸ್ಕೂಟರಿನಲ್ಲಿ ಕಾಲ ಬಳಿ ಪೆಟ್ರೋಲಿನ ಕ್ಯಾನು ಇಟ್ಟುಕೊಂಡು, ಧೂಳು ಮೆತ್ತಿದ ಹುಬ್ಬಿನೊಂದಿಗೆ ಬಂದಿಳಿದ. ಗಾಡಿಯನ್ನು ನೋಡಿದ, ಬಂದ ದಾರಿಯನ್ನು ತಿರುಗಿ ನೋಡಿದ.

"ಅಕ್ಕ, ಇಷ್ಟು ದೂರ ಯಾರು ತಂದಿದ್ದು? ಗ್ಯಾರೇಜಿನಾಕೆ ಬಂದಿದ್ಲಾ?"

"ಅವರನ್ನೇ ಕೇಳು," ಎಂದರು ಅಕ್ಕ ಸಿಪ್ಪೆ ಬಿಸಾಡುತ್ತ.

ಅವನು ಕೇಳಲಿಲ್ಲ. ಪೆಟ್ರೋಲು ಸುರಿದು, ಮುಚ್ಚಳ ತಿರುಗಿಸಿ, ಕೈ ಚಾಚಿದ. "ಕೀಲಿ ಕೊಡಿ ಭಾವ. ನಿಮಗೆ ಸುಸ್ತಾಗಿರತ್ತೆ. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಅಕ್ಕ ನನ್ನ ಸ್ಕೂಟರ್ ತರ್ತಾಳೆ."

"ಬೇಡಪ್ಪ," ಎಂದರು ಮೇಷ್ಟ್ರು, ಅಂಗಿಯ ಮೇಲಿನ ಹೊಟ್ಟು ಕೊಡವಿಕೊಂಡು ಏಳುತ್ತ. "ನೀನು ನಿಧಾನಕ್ಕೆ ಬಾ. ನಾವು ಮುಂದೆ ಹೋಗಿ ಕಾಫಿಗೆ ನೀರಿಟ್ಟಿರ್ತೀವಿ."