ತಕ್ಕಡಿಯ ಮಗಳು ಎತ್ತಿದ ಬಾವುಟ

ಸೋತ ಊರಿನಲ್ಲಿ ಬಸ್ಸು ಓಡಿಸುವ ಕೆಲಸ ಶತ್ರುವಿಗೂ ಬೇಡ. ಸೋಮವಾರ ಬೆಳಗಿನ ಮೊದಲ ಟ್ರಿಪ್ಪಿನಲ್ಲೇ ಡ್ರೈವರಿಗೆ ಅದು ಗೊತ್ತಾಯಿತು. ಮಾರುಕಟ್ಟೆ ಸ್ಟಾಪಿನಲ್ಲಿ ಬ್ರೇಕು ಹಾಕಿದ. ಮುಂದಿನ ಚಕ್ರ ಬಿಳಿ ಪಟ್ಟಿಯನ್ನು ಒಂದು ಮೊಳ ದಾಟಿ ನಿಂತಿತು. ಅಷ್ಟೇ ಸಾಕಾಯಿತು. ಹಿಂದಿನ ಸೀಟಿನವನೊಬ್ಬ ಕರವಸ್ತ್ರ ಎತ್ತಿ ಹಿಡಿದು, ಡ್ರೈವರಣ್ಣ ಆಫ್‌ಸೈಡು, ಬಸ್ಸು ಹಿಂದಕ್ಕೆ ತಗೊಳ್ಳಿ ಅಂದ. ಇಡೀ ಬಸ್ಸು ನಕ್ಕಿತು. ಮುಂದಿನ ಸ್ಟಾಪಿನಲ್ಲಿ ಇನ್ನೊಬ್ಬನ ಕರವಸ್ತ್ರ ಮೇಲೆದ್ದಿತು. ಅದರ ಮುಂದಿನದರಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದ ಹೆಂಗಸೊಬ್ಬಳೂ ಸೆರಗು ಎತ್ತಿ ಆಡಿಸಿದಳು; ಆಕೆಗೆ ಫುಟ್ಬಾಲು ದುಂಡಗಿದೆಯೋ ಚೌಕವಾಗಿದೆಯೋ ಅದೂ ಗೊತ್ತಿರಲಿಕ್ಕಿಲ್ಲ. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿದ, ಗೇರು ಬದಲಿಸಿದ. ಬಾಯಿ ಬಿಟ್ಟು ಹೇಳುವುದಾದರೂ ಏನಿತ್ತು? ಭಾನುವಾರ ಮೈದಾನದಲ್ಲಿ ಆಫ್‌ಸೈಡಿನ ಬಾವುಟ ಎತ್ತಿ ಊರಿನ ಗೋಲನ್ನು ಇಲ್ಲವೆನ್ನಿಸಿದವಳು ಅವನ ಮಗಳೇ ಆಗಿದ್ದಳು.

ಅವನ ನಿಜವಾದ ಹೆಸರು ಡಿಪೋದವರಿಗೆ ಗೊತ್ತಿದ್ದೀತು. ಊರಿಗೆ ಅವನು ತಕ್ಕಡಿ. ಈ ಹೆಸರು ಬಂದದ್ದು ಹೊಗಳಿಕೆಯಿಂದಲ್ಲ, ಬೈಗುಳದಿಂದ. ಮೈದಾನದ ಉದ್ದಕ್ಕೂ ಒಂದು ಕಬ್ಬಿಣದ ಕಂಬಿ ಇದೆ. ಉಳಿದವರೆಲ್ಲ ಕೂಗಾಡಲು ಅನುಕೂಲವೆಂದು ಗೋಲಿನ ಹಿಂದೆ ಜಮಾಯಿಸಿದರೆ, ಇವನು ಮಾತ್ರ ಪ್ರಾಯದ ದಿನಗಳಿಂದಲೂ ಕಂಬಿಯ ಒಂದೇ ಜಾಗಕ್ಕೆ ಆತುಕೊಂಡು ನಿಲ್ಲುತ್ತಿದ್ದ. ಚೆಂಡು ಪಾಸಾಗುವ ಗಳಿಗೆಯಲ್ಲಿ ನಮ್ಮವನು ಮುಂದಿದ್ದನೋ, ಎದುರಾಳಿಗಳ ಕೊನೆಯವನು ಮುಂದಿದ್ದನೋ, ಅದು ಅಲ್ಲಿಂದ ನೆಟ್ಟಗೆ ಕಾಣುತ್ತಿತ್ತು; ನಮ್ಮವನೇ ಗೋಲಿಗೆ ಹತ್ತಿರವಿದ್ದರೆ ಅದು ಆಫ್‌ಸೈಡು, ಆ ಗೋಲು ಲೆಕ್ಕಕ್ಕಿಲ್ಲ. ಗೋಲಾದರೆ ಊರೆಲ್ಲ ಕುಣಿದೀತು, ಅವನು ಕುಣಿಯುತ್ತಿರಲಿಲ್ಲ. ಖಾತ್ರಿಯಾದ ಮೇಲೆ ಎರಡೂ ಕೈ ಮೇಲೆತ್ತುತ್ತಿದ್ದ, ಅದೂ ಒಂದೇ ಸಲ. ಹಿಂದೊಮ್ಮೆ ಪಕ್ಕದ ಊರಿನ ಮೇಲೆ ಗೆಲುವಿನ ಗೋಲು ಬಿದ್ದಾಗ ಎಲ್ಲರೂ ಒಬ್ಬರನ್ನೊಬ್ಬರು ಎತ್ತಿ ಕುಣಿಸುತ್ತಿದ್ದರೆ, ಇವನು ಕೈ ಕಟ್ಟಿ ನಿಂತು, ಅದು ಆಫ್‌ಸೈಡು, ನಮಗೆ ಸಲ್ಲಬಾರದ ಗೋಲು ಅಂದುಬಿಟ್ಟ. ದೊಡ್ಡ ತಕ್ಕಡಿ ಬಂದ ನೋಡು ಎಂದು ಉಗಿದರು. ಎಷ್ಟೋ ದಿನ ಯಾರೂ ಮಾತಾಡಿಸಲಿಲ್ಲ. ಆದರೆ ಬರುಬರುತ್ತಾ ಏನಾಯಿತೆಂದರೆ, ಅನುಮಾನ ಬಂದಾಗಲೆಲ್ಲ ಜನ ರೆಫರಿಯನ್ನು ಬಿಟ್ಟು ಇವನ ಕಡೆ ತಿರುಗಿ ನೋಡತೊಡಗಿದರು. ಮನೆ ಬಾಡಿಗೆಯದು, ಕೆಲಸ ಬೆನ್ನು ಮುರಿಯುವಂಥದು. ಊರಿನಲ್ಲಿ ಅವನಿಗಿದ್ದ ಆಸ್ತಿಯೆಂದರೆ ಈ ಒಂದು ಮಾತು.

ಮಗಳು ಬೆಳೆದದ್ದೂ ಆ ಕಂಬಿಯ ಪಕ್ಕದಲ್ಲೇ. ಚಿಕ್ಕವಳಿದ್ದಾಗ ಕಾಣುತ್ತಿರಲಿಲ್ಲವೆಂದು ಹಣ್ಣಿನ ಖಾಲಿ ಪೆಟ್ಟಿಗೆಯ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದ. ಗೋಲು ನೋಡಬೇಡ, ಗೆರೆ ನೋಡು ಎಂದು ಹೇಳಿಕೊಡುತ್ತಿದ್ದ. ಹುಡುಗಿ ಗೆರೆ ನೋಡುತ್ತಾ ನೋಡುತ್ತಾ ಪರೀಕ್ಷೆ ಪಾಸು ಮಾಡಿ, ಮೈದಾನದ ಅಂಚಿನಲ್ಲಿ ಬಾವುಟ ಹಿಡಿದು ಓಡುವ ಲೈನ್ಸ್‌ಮನ್ ಆದಳು. ಹೆಂಗಸಾದರೂ ಊರಿನವರ ಬಾಯಲ್ಲಿ ಲೈನ್ಸ್‌ಮನ್ನೇ. ವಾರದ ದಿನಗಳಲ್ಲಿ ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಈ ಒಂದು ಸಂಗತಿ ಸೋತ ಊರಿಗೆ ಎಂಥ ಹಬ್ಬದೂಟವಾಯಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಂದ್ಯಕ್ಕೆ ಅವಳು ಹೋಗಬೇಕಾಗಿರಲೂ ಇಲ್ಲ. ಸ್ವಂತ ಊರಿನ ಪಂದ್ಯಕ್ಕೆ ಅಲ್ಲಿಯವರನ್ನು ಹಾಕುವ ಪದ್ಧತಿಯಿಲ್ಲ. ಬರಬೇಕಾದವನಿಗೆ ಜ್ವರ ಬಂದು, ಬದಲಿಗೆ ಬೇರೆ ಯಾರೂ ಸಿಗದೆ, ಬೆಳಿಗ್ಗೆ ಫೋನು ಮಾಡಿ ಕರೆಸಿದರು. ಅದು ಪ್ಲೇಆಫ್, ಗೆದ್ದವರು ಮೇಲಿನ ದರ್ಜೆಗೆ, ಸೋತವರು ಮತ್ತೆ ಅದೇ ಕೆಸರಿಗೆ. ಎಷ್ಟೋ ವರ್ಷಗಳಿಂದ ಊರು ಕಾಯುತ್ತಿದ್ದ ದಿನ. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ನಮ್ಮವನೊಬ್ಬ ಚೆಂಡು ಹಿಡಿದು ನುಗ್ಗಿ ಬಲೆಗೆ ಹೊಡೆದ. ಬಾವುಟ ಮೇಲೆದ್ದಿತು. ರೆಫರಿ ಸೀಟಿ ಊದಿದ. ಗೋಲಿಲ್ಲ. ಆಮೇಲೆ ಪೆನಾಲ್ಟಿ ಒದೆತಗಳಲ್ಲಿ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೆನಾಲ್ಟಿಯನ್ನು ಆಕಾಶಕ್ಕೆ ಒದ್ದ ಮಹಾನುಭಾವರನ್ನು ಯಾರೂ ಏನೂ ಅನ್ನಲಿಲ್ಲ, ಗಮನಿಸಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೈಗುಳವೆಲ್ಲ ಹೋದದ್ದು ಬಾವುಟ ಹಿಡಿದವಳ ಕಡೆಗೆ. ನೀರಿನ ಬಾಟಲಿಯೊಂದು ಅವಳ ಭುಜಕ್ಕೂ ಬಡಿಯಿತು.

ಸಂಜೆ ಅವಳು ಮನೆಯ ಮೆಟ್ಟಿಲ ಮೇಲೆ ಬೂಟು ಬಿಚ್ಚದೆ ಕೂತಿದ್ದಳು. ಅವಳ ಅಮ್ಮ, ಒಂದು ಬಟ್ಟೆ ತುಂಡು ಎತ್ತಿದ್ದಕ್ಕೆ ಇಷ್ಟೊಂದಾ ಎಂದು ಊರಿಗೆಲ್ಲ ಶಾಪ ಹಾಕುತ್ತಾ ಒಳಗೆ ಪಾತ್ರೆ ಕುಕ್ಕುತ್ತಿದ್ದಳು. ಅಪ್ಪ ಬಂದು ಪಕ್ಕದಲ್ಲಿ ಕೂತ.

“ಅಪ್ಪ, ನೀನು ಗೆರೆಗೆ ಸರಿಯಾಗಿ ನಿಂತಿದ್ದೆ,” ಅಂದಳು. “ಆಫ್‌ಸೈಡ್ ಹೌದಾ, ಅಲ್ವಾ?”

ಅವನು ನೋಡಿದ್ದ. ಎದುರಾಳಿಯ ಕೊನೆಯವನ ಹಿಮ್ಮಡಿ ಇನ್ನೂ ನಮ್ಮವನಿಗಿಂತ ಗೋಲಿನ ಹತ್ತಿರವೇ ಇತ್ತು. ನಮ್ಮವನು ಆಫ್‌ಸೈಡಿನಲ್ಲಿ ಇರಲೇ ಇಲ್ಲ. ಗೋಲು ಅಪ್ಪಟ ಗೋಲು. ಆದರೆ ಅವಳ ಭುಜದ ಮೇಲೆ ಒದ್ದೆಯ ಕಲೆ ಇನ್ನೂ ಆರಿರಲಿಲ್ಲ, ಕೆಳದುಟಿ ನಡುಗುತ್ತಿತ್ತು. ಹೌದು, ಆಫ್‌ಸೈಡೇ ಅಂದ. ಅವಳು ಉಸಿರು ಬಿಟ್ಟಳು. ಹಾಗಾದರೆ ಸರಿ, ಊರು ಏನಾದರೂ ಅಂದುಕೊಳ್ಳಲಿ ಎಂದು ಬಗ್ಗಿ ಲೇಸು ಬಿಚ್ಚತೊಡಗಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಯಲ್ಲಿ ಹೇಳಿದ್ದನ್ನು ಹೊರಗೂ ಹೇಳಲೇಬೇಕಾಯಿತು. ಮಂಗಳವಾರ ಅದೇ ಮಾರುಕಟ್ಟೆ ಸ್ಟಾಪಿನಲ್ಲಿ, ದಿನಾ ಹತ್ತುವ ಅದೇ ಗುಂಪು, ಕರವಸ್ತ್ರ ಮಡಚಿಟ್ಟು ನೇರವಾಗಿ ಕೇಳಿತು: ನೀವು ಏನು ನೋಡಿದಿರಿ, ಅದನ್ನು ಹೇಳಿ. ಅವನು ಸ್ಟೇರಿಂಗಿನಿಂದ ಕೈ ತೆಗೆಯದೆ, ಕನ್ನಡಿಯನ್ನೂ ನೋಡದೆ, ಆಫ್‌ಸೈಡು, ಒಂದು ಗೇಣು ಮುಂದಿದ್ದ ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿಂದಿನಿಂದ ಯಾರೋ ಗೊಣಗಿದರು. ಅಷ್ಟಕ್ಕೆ ಕಂಡಕ್ಟರು ಕೆರಳಿದ. ಈ ಕಂಡಕ್ಟರು ಅವನ ಹಳೆಯ ಗೆಳೆಯ, ಅವನಷ್ಟೇ ಫುಟ್ಬಾಲ್ ಹುಚ್ಚಿನವನು, ಹುಡುಗಿಗೆ ಮಾಮ. ಗೋಲು ಹೋದ ಸಂಕಟಕ್ಕೆ ಭಾನುವಾರದಿಂದ ಸರಿಯಾಗಿ ಮಾತೇ ಆಡಿರಲಿಲ್ಲ. ಈಗ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ನಮ್ಮದೇ ಗೋಲನ್ನು ನಮ್ಮದಲ್ಲ ಅಂದ ಮನುಷ್ಯ ಇವನು, ಇವನು ಸುಳ್ಳಾಡಿದ ಒಂದು ದಿನ ಯಾರಾದರೂ ತೋರಿಸಿ, ನಾನು ಈ ಚೀಲ ಕೆಳಗಿಡ್ತೀನಿ ಅಂದ. ಯಾರೂ ತೋರಿಸಲಿಲ್ಲ.

ಅಲ್ಲಿಂದ ಮುಂದೆ ಕಂಡಕ್ಟರಿಗೆ ಅದೇ ಕೆಲಸವಾಯಿತು. ಟ್ರಿಪ್ಪಿಗೊಂದು ಜಗಳ. ಚಿಲ್ಲರೆ ಕೊಡುತ್ತಾ ಜಗಳ, ಬಾಗಿಲು ಮುಚ್ಚುತ್ತಾ ಜಗಳ. ತಕ್ಕಡಿಯೇ ಹೇಳಿದಾನೆ ಅನ್ನುವುದೊಂದೇ ಅವನ ಸಾಕ್ಷಿ, ಆ ಸಾಕ್ಷಿ ನಡೆದೂ ನಡೆಯಿತು. ಬುಧವಾರದ ಹೊತ್ತಿಗೆ ಕರವಸ್ತ್ರಗಳು ಜೇಬು ಸೇರಿದ್ದವು. ಕನ್ನಡಕದಂಗಡಿಯಲ್ಲೂ ಅಷ್ಟೇ. ಸೋಮವಾರ ಗಿರಾಕಿಗಳು ಬಂದು, ನಿನಗೇ ಒಂದು ಕನ್ನಡಕ ನಾವು ಕೊಡಿಸ್ತೀವಿ ಕಣಮ್ಮ ಎಂದು ಕಾಡಿದ್ದರಿಂದ ಮಾಲೀಕರು ಅವಳನ್ನು ಗಾಜು ಉಜ್ಜುವ ಒಳಕೋಣೆಗೆ ಕಳಿಸಿದ್ದರು. ಈಗ ಮತ್ತೆ ಮುಂದಿನ ಕೌಂಟರಿಗೆ ಕರೆದರು. ಬಾವುಟ ಬಿಟ್ಟೇಬಿಡುತ್ತೇನೆ ಅನ್ನುತ್ತಿದ್ದವಳು ಬರುವ ಭಾನುವಾರದ ಸಣ್ಣ ಪಂದ್ಯಕ್ಕೆ ಒಪ್ಪಿಕೊಂಡಳು. ಅಪ್ಪನಿಗೆ ಸಮಾಧಾನವಾಯಿತು. ಆದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಕಂಡಕ್ಟರು ತನ್ನ ಪರವಾಗಿ ಗಂಟಲು ಹರಿದುಕೊಳ್ಳುವುದು ಹಿಂದಿನಿಂದ ಕೇಳಿಸಿದಾಗಲೆಲ್ಲ ಎಂಜಿನ್ನಿನ ಸದ್ದು ಇನ್ನಷ್ಟು ಜೋರಾಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಡ್ಯೂಟಿ ಮುಗಿಸಿ ಸೀಟಿನಿಂದ ಇಳಿಯುವಾಗ ಬಸ್ಸನ್ನು ಓಡಿಸಿ ಬಂದಂತಿರಲಿಲ್ಲ, ತಳ್ಳಿಕೊಂಡು ಬಂದಂತಿತ್ತು.

ಗುರುವಾರ ಸಂಜೆ ಅವನು ಕೈಕಾಲು ತೊಳೆದು ಊಟದ ಮೇಜಿಗೆ ಬಂದಾಗ ಮಗಳು ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದಳು. ಎದುರು ಬದಿಯ ಪ್ರೇಕ್ಷಕನೊಬ್ಬ ತೆಗೆದ ವಿಡಿಯೋ, ಅಂದು ಮಧ್ಯಾಹ್ನದಿಂದ ಊರೆಲ್ಲ ಹರಿದಾಡುತ್ತಿತ್ತು. ಚೆಂಡು ಪಾಸಾಗುವ ಗಳಿಗೆಗೆ ಅದನ್ನು ನಿಲ್ಲಿಸಿ ಅವಳು ಬೆರಳಿಟ್ಟು ತೋರಿಸಿದಳು. ಕೊನೆಯವನ ಕಾಲು ಇಲ್ಲಿದೆ, ನಮ್ಮವನು ಇಲ್ಲಿದಾನೆ. ಆಫ್‌ಸೈಡ್ ಅಲ್ಲ, ತಪ್ಪು ನನ್ನದೇ. ನಮ್ಮ ಊರಿನ ಕಡೆ ವಾಲಿದಳು ಅಂತಾರೇನೋ ಅನ್ನುವ ಭಯಕ್ಕೆ ಯೋಚಿಸುವ ಮುಂಚೆಯೇ ಕೈ ಎದ್ದುಬಿಟ್ಟಿತು ಅಂದಳು. ರೆಫರಿಗಳ ಮುಖ್ಯಸ್ಥರಿಗೆ ಫೋನು ಮಾಡಿ ಹೇಳಿಯೂ ಆಗಿತ್ತು. ಅವರು ಬೈಯಲಿಲ್ಲವಂತೆ, ಆಗುತ್ತೆ, ಭಾನುವಾರ ಬಾ, ಫಲಿತಾಂಶವಂತೂ ಬದಲಾಗಲ್ಲ ಅಂದರಂತೆ.

ಅವನು ಕುರ್ಚಿ ಎಳೆದು ಕೂತ. ಎಲ್ಲರಿಗೂ ಆಗುತ್ತೆ ಪುಟ್ಟಿ, ಬಿಡು ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಚಿತ್ರವನ್ನು ಒಂಚೂರು ಮುಂದಕ್ಕೆ ಓಡಿಸಿ ಮತ್ತೆ ನಿಲ್ಲಿಸಿದಳು, ಬೆರಳನ್ನು ಮೂಲೆಗೆ ಸರಿಸಿದಳು. ಚೆಂಡು ಬಲೆಯಲ್ಲಿತ್ತು. ಅವಳ ಬಾವುಟ ಇನ್ನೂ ಕೆಳಗೇ ಇತ್ತು. ಅವಳ ಬೆನ್ನ ಹಿಂದೆ, ಕಂಬಿಯ ಆಚೆ, ಖಾಕಿ ಅಂಗಿಯ ಮನುಷ್ಯನೊಬ್ಬ ಎರಡೂ ಕೈ ಮೇಲೆತ್ತಿ ನಿಂತಿದ್ದ. ಬಾಯಿ ಅಗಲವಾಗಿ ತೆರೆದಿತ್ತು. ತಾನು ಸಂತೋಷದಲ್ಲಿದ್ದಾಗ ಹೇಗೆ ಕಾಣುತ್ತೇನೆಂದು ಅವನು ಅದುವರೆಗೆ ನೋಡಿರಲಿಲ್ಲ.

“ಖಾತ್ರಿ ಆಗದೆ ನೀನು ಕೈ ಎತ್ತೋನಲ್ಲ,” ಅಂದಳು ಮಗಳು.

“ನಿನ್ನ ಮುಖ ನೋಡೋಕಾಗಲಿಲ್ಲ ಪುಟ್ಟಿ.”

“ತಪ್ಪು ಅಂದಿದ್ರೆ ಅವತ್ತು ಅತ್ತುಬಿಡ್ತಿದ್ದೆ, ಮುಗಿದುಹೋಗ್ತಿತ್ತು. ಈಗ ನಾಳೆ ನಾನು ಸರಿಯಾಗೇ ಬಾವುಟ ಎತ್ತಿ, ನೀನು ಸರಿ ಅಂತ ಹೇಳಿದ್ರೂ, ನಾನು ನಂಬೋದು ಹೇಗಪ್ಪಾ?”

ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತವಳು ಇಬ್ಬರ ಮುಖ ನೋಡಿ ಸುಮ್ಮನೆ ಒಳಗೆ ಹೋದಳು. ಮಗಳು ಫೋನು ತೆಗೆದುಕೊಂಡು ಎದ್ದಳು. ಮಾಮ ದಿನವೆಲ್ಲ ನಿನ್ನ ಮಾತು ಹಿಡಿದು ಜಗಳ ಆಡ್ತಿದಾರೆ, ಅವರಿಗೂ ಹೇಳು ಅಂದಳು. ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹಾವೂ ಸಾಯದ ಕೋಲೂ ಮುರಿಯದ ದಾರಿಯೊಂದಿತ್ತು. ಶುಕ್ರವಾರ ಡಿಪೋದಲ್ಲಿ ಕಂಡಕ್ಟರನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿಬಿಡಬಹುದಿತ್ತು. ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಡ್ರೈವರು ಅದನ್ನು ಯೋಚಿಸಲಿಲ್ಲ ಅಂತಲ್ಲ, ಡಿಪೋದಿಂದ ಮಾರುಕಟ್ಟೆಯವರೆಗೂ ಅದನ್ನೇ ಯೋಚಿಸಿದ. ಅಷ್ಟರಲ್ಲಿ ಬಸ್ಸಿನಲ್ಲಿ ವಿಡಿಯೋದ ಮಾತು ಶುರುವಾಗಿತ್ತು. ಕಂಡಕ್ಟರು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಆ ಬದಿಯಿಂದ ತೆಗೆದರೆ ಎಲ್ಲಾ ಓರೆಯಾಗೇ ಕಾಣುತ್ತೆ, ನಿಮ್ಮ ಫೋನು ದೊಡ್ಡದೋ ತಕ್ಕಡಿಯ ಕಣ್ಣು ದೊಡ್ಡದೋ ಎಂದು ಒಬ್ಬನೇ ಇಡೀ ಬಸ್ಸಿನ ಮೇಲೆ ಬಿದ್ದಿದ್ದ. ಅವನ ದನಿ ಆಗಲೇ ಒಡೆದಿತ್ತು. ಇದನ್ನು ಕೇಳಿಸಿಕೊಂಡು ಮುಂದಕ್ಕೆ ಹೋಗಲು ಡ್ರೈವರಿಗೆ ಆಗಲಿಲ್ಲ. ಮಾರುಕಟ್ಟೆ ಸ್ಟಾಪಿನಲ್ಲಿ ಎಂಜಿನ್ ಬಂದ್ ಮಾಡಿದ. ಸೀಟಿನಿಂದ ಎದ್ದು ಜನರ ಕಡೆ ತಿರುಗಿದ. ವಿಡಿಯೋದಲ್ಲಿರುವುದೇ ಸರಿ, ಅದು ಗೋಲು, ಅವತ್ತೇ ನನಗೆ ಗೊತ್ತಿತ್ತು, ಮಗಳಿಗೂ ಸುಳ್ಳು ಹೇಳಿದೆ, ನಿಮಗೂ ಹೇಳಿದೆ ಅಂದ.

ಯಾರೂ ನಗಲಿಲ್ಲ. ಸೋಮವಾರ ಮೊದಲು ಕರವಸ್ತ್ರ ಎತ್ತಿದವನು ಕಿಟಕಿಯ ಕಡೆ ಮುಖ ತಿರುಗಿಸಿದ. ಗೆದ್ದೆವು ಎಂದು ಕೂಗಲು ಅಲ್ಲಿ ಯಾರೂ ಏನನ್ನೂ ಗೆದ್ದಿರಲಿಲ್ಲ. ಹೋದ ಪಂದ್ಯ ಹೋಗಿತ್ತು, ಜೊತೆಗೆ ತಕ್ಕಡಿಯ ಮಾತೂ ಹೋಗಿತ್ತು. ಕಂಡಕ್ಟರು ಎರಡು ಸೀಟುಗಳ ನಡುವೆ ನಿಂತು ಚೀಲದ ಪಟ್ಟಿಯನ್ನು ಸರಿಮಾಡಿಕೊಂಡ. ಮತ್ತೂ ಸರಿಮಾಡಿಕೊಂಡ.

“ಅವಳಿಗಿದ್ದದ್ದು ಕಣ್ಣು ಮಿಟುಕಿಸೋಷ್ಟು ಹೊತ್ತು,” ಅಂದ. “ಅಷ್ಟರಲ್ಲಿ ತಪ್ಪಾಯ್ತು, ಆಗ್ಲಿ. ನಿನಗೆ ವಾರ ಪೂರ್ತಿ ಇತ್ತಲ್ಲೋ.”

ಆಮೇಲೆ ಗಂಟೆ ಹೊಡೆದ. ಬಸ್ಸು ಹೊರಟಿತು. ದಿನವಿಡೀ ಕಂಡಕ್ಟರು ಸ್ಟಾಪುಗಳ ಹೆಸರು ಕೂಗಿದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ, ಚಹಾದ ಹೊತ್ತಿನಲ್ಲೂ ಬೇರೆ ಬೆಂಚಿನಲ್ಲಿ ಕೂತ.

ಸಂಜೆ ಮಗಳು ಕೇಳಿದ್ದು ಒಂದೇ: ಹೇಳಿದೆಯಾ? ಹೇಳಿದೆ ಅಂದ. ಮಾಮ ಏನಂದರು ಎಂದಳು. ಅವನು ಒಂದಕ್ಷರವನ್ನೂ ತಿದ್ದದೆ ಕಂಡಕ್ಟರ ಮಾತನ್ನು ಹಾಗೆಯೇ ಒಪ್ಪಿಸಿದ. ಅವಳು, ಅಯ್ಯೋ ಹೋಗಲಿ ಬಿಡಪ್ಪ ಅನ್ನಬಹುದು, ಮಾಮ ಅಷ್ಟು ಖಾರವಾಗಿ ಅನ್ನಬಾರದಿತ್ತು ಅನ್ನಬಹುದು ಎಂದು ಅವನೊಳಗೆ ಎಲ್ಲೋ ಒಂದು ಆಸೆಯಿತ್ತು.

“ಮಾಮ ಸರಿಯಾಗೇ ಹೇಳಿದಾರೆ,” ಅಂದಳು ಮಗಳು.

ಮಾತು ಅವನ ಎದೆಗೆ ನಾಟಿತು. ಆದರೂ ಹೆಂಡತಿ ತಟ್ಟೆ ತಂದಿಟ್ಟಾಗ ಅವನಿಗೆ, ಆ ವಾರದಲ್ಲಿ ಮೊದಲ ಸಲ, ಹಸಿವಾಯಿತು.